ಐದು ಗಂಟೆಯ ಹಾಲು

…ಇಲ್ಲ್ರಿ ಅಕ್ಕೋರೆ, ನೀವು ತಿಳಕೊಂಡಂಗ ಏನಿಲ್ಲ. ಒಳಗ ಬರ್ರಿ. ನಿಮ್ಮ ಮನಿ ಬಾಗಲಾಗ ನೀವ ಬೀಗರಂಗ ನಿಂತ್ರ ಹೆಂಗ? ಬ್ಯಾಗರ ಇಳಸ್ರಿ… ಇವತ್ತು ಶನಿವಾರ, ಒಪ್ಪತ್ತಿನ ಸಾಲಿ ಅನ್ನೂದ ಮರತ ಬಿಟ್ಟೀನಿ ನೋಡ್ರಿ! ನಿನ್ನಿ ಜುಮ್ಮಾ ಆತು, ಅಂದಮ್ಯಾಲ ಇವತ್ತು ಶನಿವಾರ ಆಗಲಾರದ ಏನಾಗತೈತಿ? ಎಂಥಾ ತಲಿ ನಂದು! ನಗಬ್ಯಾಡ್ರಿ…

ನೀವು ನಗಾಕತ್ತಿಲ್ಲ. ಹೌದು.

ನಿಮ್ಮ ಮಗ ಬಾಳ ಅತ್ತನ್ರಿ. ನೀವು ಸಾಲಗುಂದದ ಸಾಲಿಗೆ ಹೋದಾಗಿಂದ ಒಂದ ಸವನ. ಹಾಡಿದೆ, ಅಂಗಳದಾಗ ತಿರಗಾಡಿಸಿದೆ, ತೊಡಿ ಮ್ಯಾಲ ಹಾಕ್ಕೊಂಡು ತಟ್ಟಿದೆ. ಕಡೀಕ… ಸುಮ್ನ ಬಾಯಿಗೆ ಎದಿ ಕೊಟ್ಟೆ. ಕುಡಸಾಕಲ್ಲ, ಸುಮ್ನಿರಸಾಕ. ಇವತ್ತ ಒಂದಿನ! ಅಲ್ಲಾನ ಆಣಿ…

ಆಣಿ ಬ್ಯಾಡ ಬಿಡ್ರಿ.

ಹೌದು, ನುಂಗಾಕತ್ತಾನ. ಅಲ್ಲಿಂದನ ಕೇಳತೈತಲ್ಲ ನಿಮಗ. ಹಾಲು ಬತ್ತೈತಿ ಅಂದಿದ್ದೆ, ಗೊತ್ತೈತ್ರಿ. ನನ್ನ ಮಗಳು ಮಹೆಕ್ ಇಪ್ಪತ್ತೆರಡು ದಿನದಾಕಿ ತೀರಿ ಹೋದಾಗ ಓಣ್ಯಾಗಿನವರು ಬಾಗಲತನ ಬಂದು ಹೊಳ್ಳಿದ್ರು. ನೀವೊಬ್ರು ಒಳಗ ಬಂದ್ರಿ, ಇವನ್ನ ಹೆಗಲಿಗೆ ಹಾಕ್ಕೊಂಡು. ಸಿಂಧನೂರ ಬಸ್‌ಸ್ಟ್ಯಾಂಡಿನಾಗಿಂದ ಎರಡ ಮೊಳ ಮಲ್ಲಿಗಿ ತರಿಸಿದ್ರಿ. 'ಎದಿಗೆ ಕಟ್ಟಿಕೋ ಮೆಹನಾಜ್, ಹಾಲು ಇಂಗತೈತಿ, ಬ್ಯಾನಿ ಕಡಿಮಿ ಆಗತೈತಿ' ಅಂದ್ರಿ.

ಕಟ್ಟಲಿಲ್ರಿ. ನಮ್ಮ ಕಡೆ ಹೆಣ್ಮಕ್ಕಳು ಕಬರಸ್ತಾನಕ್ಕ ಹೋಗಂಗಿಲ್ಲ. ನಮ್ಮನಿಯಾವ ವಾಸಿಂನ ಕೈಯಾಗ ಕೊಟ್ಟ ಕಳಿಸಿದೆ. ಗೋರಿ ಮ್ಯಾಲ ಹಾಕಿ ಬಂದು ಅಂದ, 'ಅಷ್ಟ ಸಣ್ಣ ಗೋರಿಗೆ ಎರಡ ಮೊಳ ಹೆಚ್ಚಾತು ಬೇ…'

ಬಟ್ಟಲ ಯಾಕ ನೋಡಾಕತ್ತೀರಿ?

ನಸೀಕಲೆ ಎದ್ದು ನೀವು ಹಿಂಡಿಟ್ಟ ಹೋದ ಹಾಲು. ಮುಚ್ಚಿದ್ದು ಮುಚ್ಚಿದಂಗ ಐತಿ. ಚಮಚಾನೂ ಒಣಾ ಐತಿ. ಗಟಾರಕ್ಕ ಚೆಲ್ಲಿಲ್ರಿ, ಒಂದಿನಾನೂ ಚೆಲ್ಲಿಲ್ಲ! ಯಾರೂ ತುಳೀಬಾರದಂತ ಕರಿಬೇವಿನ ಬುಡಕ್ಕ ಹಾಕತಿದ್ದೆ…

ಹಾಕತಿದ್ದೆ.

ಹೂಂ. ಎರಡ ತಿಂಗಳಾತು. 'ಅತಿಥಿ ಶಿಕ್ಷಕಿಗೆ ಎಲ್ಲಿ ರಜಾ, ನಾ ಹೋಗದಿದ್ರ ಇನ್ನೊಬ್ಬಾಕಿ ಬರತಾಳ' ಅಂತ ಇವನ್ನ ನನ್ನ ಕೈಯಾಗ ಬಿಟ್ಟು ಅಳಕೋತ ಬಸ್ಸು ಹತ್ತಿದ್ರಲ್ಲ, ಅವತ್ತಿಂದ. ಆದ್ರ ನಿಮ್ಮ ಮಾತು ಮೀರಿಲ್ರಿ ನಾನು! 'ಆರ ತಿಂಗಳತನ ಎದಿಹಾಲ ಒಂದ, ನೀರು ಸೈತ ಬ್ಯಾಡ' ಅಂದಿದ್ರಿ. ಹಾಕೀನೇನು ನೀರು? ಈ ಬಿಸಲಾಗ? ಬಾಜೂ ಮನಿ ಪಾರ್ವತೆಮ್ಮಜ್ಜಿ ಹೊಟ್ಟಿನೋವಿಗಂತ ಬಜಿ ಬೇರು ತೇದು ತಂದಿದ್ಲು, ಆಕಿ ಹಣಿಗೇ ಹಚ್ಚಿ ಕಳಿಸೀನಿ! ಜೇನಿಲ್ಲ, ಸಕ್ರಿ ನೀರಿಲ್ಲ, ಪುಡಿಹಾಲಿಲ್ಲ. ಬರೇ ಎದಿಹಾಲು. ದವಾಖಾನಿಯವರು ಕೊಟ್ಟ ಕಾರ್ಡಿನಾಗ ಬರದಂಗ…

ಕಾರ್ಡಿನಾಗ 'ತಾಯಿ ಹಾಲು' ಅಂತ ಐತಿ. ಓದಾಕ ಬರತೈತ್ರಿ ನನಗೂ.

ಬೈರಿ ಅಕ್ಕೋರೆ. ಎರಡ ಬಾರಸ್ರಿ ಬೇಕಾದ್ರ. ಹಿಂಗ ನೆಟ್ಟ ನೋಡಬ್ಯಾಡ್ರಿ. ಸಾಲ್ಯಾಗ ಹುಡುಗ್ರನ್ನೂ ಹಿಂಗ ನೋಡತೀರೇನು? ಪಾಪ, ಅವು ಮಾಡಲಾರದ್ದನ್ನೂ ಒಪ್ಪಿಕೋತಾವು…

ಸೆರಗ ಯಾಕ ಹಂಗ ಅಮುಕಿ ಹಿಡದೀರಿ?

…ತೋಯ್ದೈತಿ. ಕುಪ್ಪಸ ಎಲ್ಲಾ ತೋಯ್ದೈತಿ. ಇವನ ದನಿ ಕೇಳಿದ ಕೂಡ್ಲೆ ಹಾಲು ಇಳದೈತೇನು? ದಿನಾ ಹಿಂಗ ತುಂಬಿಕೊಂಡು ಬರತಿದ್ರೇನು, ಆ ಬಸ್ಸಿನ ಗದ್ದಲದಾಗ?

ಅಕ್ಕಾ…

ಸಂಜಿಮುಂದ ನೀವು ಎತ್ತಿಕೊಂಡ್ರ ಇವ ಮಾರಿ ತಿರವತಿದ್ದನಲ್ಲ. ನೀವು ಗ್ವಾಡಿಗೆ ಆನ್ಕೊಂಡು, 'ನನ್ನ ಹಾಲ ಕೆಟ್ಟೈತಿ, ಹೆತ್ತಾಕಿನ ಬ್ಯಾಡಾಗೀನಿ ಇವಂಗ' ಅಂತ ಅಳತಿದ್ರಿ. ನಾನು ನೆದರ ಆಗೈತ್ರಿ ಅಂತ ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕತಿದ್ದೆ…

ನೆದರ ಅಲ್ಲಕ್ಕ. ಹಸಿವೇ ಇರತಿದ್ದಿಲ್ಲ ಅವಂಗ. ನಮ್ಮ ತುರ್ವಿಹಾಳಕ್ಕ ನಿಮ್ಮ ಬಸ್ಸು ಬರೂದು ಆರಕ್ಕ. ಐದಕ್ಕ ನಾನು… ನಿದ್ದಿ ಮಾಡೂ ಕೂಸನ್ನ ಎಬ್ಬಿಸಿ, ಗಂಟಲಮಟ ಕುಡಿಸಿ ಇಡತಿದ್ದೆ. ಅಳತಾನಂತ ಅಲ್ಲ. ಬೇಕಂತ. ನಿಮ್ಮ ಕೈಯಾಗಿದ್ರೂ ಹೊರಳಿ ನನ್ನ ಹುಡಕಲಿ ಅಂತ.

ಹುಡಕತಿದ್ದ ನೋಡ್ರಿ. ನೀವು ಅಳೂವಾಗ, ಆ ಪರಿ ಅಳೂವಾಗ, ನನ್ನೊಳಗ ಎಲ್ಲೋ ಒಂದ ಕಡೆ ತಣ್ಣಗಾಗತಿತ್ತು. ಮಲ್ಲಿಗಿ ತಂದ ಕೊಟ್ಟಾಕಿಗೆ ಇದನ್ನ ಮಾಡೀನಿ ನಾನು.

ಕೊಡತೀನಿ. ಕೊಡತೀನಕ್ಕ… ಜಗ್ಗಬ್ಯಾಡ್ರಿ, ಬೆಚ್ಚಿ ಬೀಳತಾನ. ಬಾಯಿ ಮೂಲ್ಯಾಗ ಕಿರಬೆರಳ ಇಟ್ರ ತಾನ ಬಿಡತಾನ… ಹಾಂ, ಬಿಟ್ಟ. ಇನ್ನೂ ಅರ್ಧ ಹೊಟ್ಟಿ ಆಗೈತಿ, ಹಸದಾನ. ಈಗ ಕುಡಿತಾನ ನಿಮ್ಮದು. ಕುಂದರ್ರಿ, ತಲಿ ಹಿಂದ ಕೈ ಕೊಡ್ರಿ, ಹಂಗ…

ಅಳಲಿ, ನೀವು ಗಾಬರಿ ಆಗಬ್ಯಾಡ್ರಿ. ನನ್ನ ವಾಸನಿ ಇರೂಮಟ ಹಿಂಗ ಹೊರಳತಾನ.

ನಾ ಹೊರಗ ಹೋಗತೀನಿ. ಬಾಗಲಾ ಮುಚ್ಚಿಕೋರಿ.