ಕೈ ಹಿಂದೆ ಕಟ್ಟಿ ನಿಂತ ಗೋಲ್‌ಕೀಪರ್ ಮೇಲೆ ಕೋಸಿನ ನೀರು ಸುರಿದ ಬಗ್ಗೆ

ಹೆಸರು ಸ್ತಾಮೆನ್ ಕ್ರಾಲೆವ್, ವಯಸ್ಸು ೩೮ ವರ್ಷ, ಕೆಲಸ ಹಾಲಿನ ಟ್ಯಾಂಕರ್ ಚಾಲಕ, ವಾಸ ಸುಹಾ ವರ್ಬಾ ಗ್ರಾಮ, ಬಲ್ಗೇರಿಯಾ. ಎರಡು ಸಲ ಸ್ನಾನ ಮಾಡಿದರೂ ಮೈಯ ನಾತ ಹೋಗದ ಸ್ಥಿತಿಯಲ್ಲಿ ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಿನ್ನೆ ಭಾನುವಾರ ಮಧ್ಯಾಹ್ನ ಪಕ್ಕದೂರಿನವರ ಮೇಲೆ ಕೊನೆಯ ಪಂದ್ಯವಿತ್ತು. ಸಮವಾದರೂ ಸಾಕು, ಜಿಲ್ಲಾ ಲೀಗ್‌ನಲ್ಲಿ ಉಳಿಯುತ್ತಿದ್ದೆವು. ಸೋತರೆ ತಂಡವನ್ನೇ ಮುಚ್ಚುವುದಾಗಿ ಮೇಯರ್ ಮೊದಲೇ ಹೇಳಿದ್ದರು. ಮುಗಿಯಲು ಎರಡು ನಿಮಿಷವಿದ್ದಾಗ ಎರಡೂ ಕಡೆ ಒಂದೊಂದು ಗೋಲಾಗಿತ್ತು.

ಆಗ ನಮ್ಮದೇ ತಂಡದ ಗೆಚೊ, ಅಂದರೆ ನನ್ನ ಹೆಂಡತಿಯ ತಮ್ಮ, ಎದುರಾಳಿ ಅಟ್ಟಿಸಿಕೊಂಡು ಬಂದನೆಂದು ಹೆದರಿ ಚೆಂಡನ್ನು ಕಾಲಿನಿಂದ ನನ್ನತ್ತ ತಳ್ಳಿದನು. ನಮ್ಮವರು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಆದರೆ ಚೆಂಡು ಕುರಿ ತುಳಿದ ಗುಂಡಿಯಲ್ಲಿ ಎಗರಿ ಗೋಲಿನ ಕಡೆ ತಿರುಗಿದ್ದರಿಂದ ಬಿದ್ದು ಕೈಯಲ್ಲೇ ಹಿಡಿದೆ. ರೆಫರಿ ಸೀಟಿ ಊದಿದರು. ಅದು ತಪ್ಪೇ, ತಕರಾರಿಲ್ಲ.

ಇಂಥ ತಪ್ಪಿಗೆ ಎದುರಾಳಿಗೆ ಒಂದು ಒದೆತ ಸಿಗುತ್ತದೆ, ಆದರೆ ನೇರವಾಗಿ ಗೋಲು ಹೊಡೆಯುವಂತಿಲ್ಲ. ಒದ್ದವನನ್ನು ಬಿಟ್ಟು ಇನ್ನೊಬ್ಬ ಆಟಗಾರನಿಗೆ ತಾಗದೆ ಚೆಂಡು ಒಳಗೆ ಹೋದರೆ ಅದು ಗೋಲೇ ಅಲ್ಲ. ನನ್ನ ಬೆರಳ ತುದಿ ಸವರಿ ಹೋದರೂ ಗೋಲು. ಅದಕ್ಕಾಗಿ ನಮ್ಮವರಿಗೆ "ಯಾರೂ ಮುಟ್ಬೇಡ್ರೋ, ದೂರ ಸರೀರಿ" ಎಂದು ಕೂಗಿದೆ. ಎದುರಾಳಿಯ ದಡ್ಡನೊಬ್ಬ ಎಂಟು ಮೀಟರ್ ದೂರದಿಂದ ಯಾರಿಗೂ ಕೊಡದೆ ಗೋಲಿಗೇ ಬೀಸಿ ಒದ್ದನು. ಚೆಂಡು ನನ್ನ ಎಡಗಿವಿಯ ಪಕ್ಕಕ್ಕೆ ಬಂತು. ಕೈಗಳು ತಾವಾಗಿಯೇ ಏಳುತ್ತಿದ್ದವು. ಎರಡನ್ನೂ ಬೆನ್ನ ಹಿಂದೆ ಬಿಗಿಯಾಗಿ ಹಿಡಿದು ನಿಂತೆ. ಚೆಂಡು ಬಲೆಗೆ ಬಿತ್ತು. ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ.

ಗೋಲಿನ ಹಿಂದೆಯೇ ನನ್ನ ಮಾವ ರಾಂಗೆಲ್ ಅವರ ಹಿತ್ತಿಲು. ಚಳಿಗಾಲಕ್ಕೆ ಎಲೆಕೋಸು ಉಪ್ಪು ಹಾಕಿಟ್ಟ ಪೀಪಾಯಿಯನ್ನು ಮಾರ್ಚ್‌ನಲ್ಲೇ ತೊಳೆಯಬೇಕಿತ್ತು. ಮಾವ ಮೇ ತಿಂಗಳವರೆಗೆ ಬಿಟ್ಟಿದ್ದರು. ಅದರ ತಳದ ನೀರನ್ನು ಬಕೆಟ್ಟಿಗೆ ತುಂಬಿಕೊಂಡು ಬಂದು, "ಲೋ ದರಿದ್ರದವನೇ, ಗೋಲ್ ಕಾಯಕ್ಕೆ ನಿಲ್ಸಿದ್ರೆ ಮದ್ವೆ ನೋಡೋಕ್ ಬಂದೋನ ಥರ ಕೈ ಕಟ್ಕೊಂಡ್ ನಿಂತಿದೀಯಲ್ಲೋ" ಎಂದು ನನ್ನ ತಲೆಯ ಮೇಲೆ ಸುರಿದರು. ಲೋಳೆ ಬಾಯೊಳಗೆ ಹೋಯಿತು. ಕೊಳೆತ ಎಲೆ ಕಿವಿಗೆ ಅಂಟಿತು. ಥೂ! ಇದಕ್ಕೆಲ್ಲ ಮೂಲನಾದ ಗೆಚೊ ಹೊಟ್ಟೆ ಹಿಡಿದು ನಗುತ್ತಿದ್ದನು.

ರೆಫರಿ "ಗೋಲಲ್ಲ ಕಣ್ರಯ್ಯಾ, ಗೋಲಲ್ಲ" ಎಂದು ಓಡಿ ಬಂದರು. ಮಾವ ಸುರಿದ ಎರಡನೆಯ ಬಕೆಟ್ ಅವರಿಗೆ ಬಿತ್ತು. ಅವರು ವಾಂತಿ ಮಾಡಿಕೊಂಡು ಪಂದ್ಯ ನಿಲ್ಲಿಸಿದರು. ನಮ್ಮ ಊರಿನವರ ಹಲ್ಲೆಯಿಂದ ಪಂದ್ಯ ನಿಂತ ಕಾರಣ ಎದುರಾಳಿ ಗೆದ್ದಂತೆಂದು ಈ ಬೆಳಿಗ್ಗೆ ಲೀಗ್‌ನವರು ಫೋನ್ ಮಾಡಿದರು. ತಂಡ ಮುಚ್ಚಿತು. ಆಗದ ಗೋಲಿಗೆ ಅತ್ತು, ಇದ್ದ ತಂಡವನ್ನು ಕೊಂದ ಊರು ನಮ್ಮದು.

ಮಾವನಿಗೆ ನಿಯಮವನ್ನು ಬಿಡಿಸಿ ಹೇಳಿದೆ. ಎಲ್ಲ ಕೇಳಿ, "ಅದೆಲ್ಲ ಸರಿ ಅಳಿಯಾ, ಆದ್ರೂ ಹಿಡೀಬಹುದಿತ್ತಲ್ಲ?" ಎಂದರು. ನನ್ನ ಹೆತ್ತ ತಾಯಿಯೂ "ಮಗಾ, ಎದ್ರಿಗೆ ಬಂದಿದ್ದನ್ನ ಯಾರಾದ್ರೂ ಬಿಡ್ತಾರಾ?" ಎಂದಳು. ಈ ಊರಿನ ಬಗ್ಗೆ ನನಗೆ ಹೇಸಿಗೆಯಾಗಿದೆ. ಮಾವನನ್ನು ಜೈಲಿಗೆ ಹಾಕುವುದು ಬೇಡ. ಅವರನ್ನು ಊರ ಪಡಖಾನೆಯಲ್ಲಿ ಎದ್ದು ನಿಲ್ಲಿಸಿ, ಅದು ಗೋಲಾಗಿರಲಿಲ್ಲ ಎಂದು ಒಂದು ಸಲ ಗಟ್ಟಿಯಾಗಿ ಹೇಳಿಸಬೇಕಾಗಿ ವಿನಂತಿ.

ಇಷ್ಟು ಬರೆದುಕೊಂಡ ಮೇಲೆ ಠಾಣಾಧಿಕಾರಿಯವರು ಪೆನ್ನು ಕೆಳಗಿಟ್ಟು, "ಅಲ್ಲ ಮಾರಾಯಾ, ಹಿಡ್ದುಬಿಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದು ಕೇಳಿದರು. ಅದನ್ನೂ ಬರೆದುಕೊಳ್ಳಬೇಕೆಂದು ಕೋರಿದೆ, ಬರೆದುಕೊಂಡರು.

ಮೇಲಿನದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಆ ಒದೆತದ ಚೆಂಡನ್ನು ಮುಟ್ಟದ ಇದೇ ಕೈಯಿಂದ ಸಹಿ ಮಾಡಿರುತ್ತೇನೆ.

ಸ್ಥಳ: ಸುಹಾ ವರ್ಬಾ
ದಿನಾಂಕ: ಮೇ ೨೭, ಸೋಮವಾರ
ಸಹಿ: ಸ್ತಾಮೆನ್ ಕ್ರಾಲೆವ್