ಮೋನಮ್ಮನ ರಸ್ತೆಯ ಮೂರನೇ ಅಡಿಟಿಪ್ಪಣಿ

ಕಳೆದ ಭಾನುವಾರ ಸಂಜೆ ನಾಲ್ಕು ಗಂಟೆಗೆ ಮತದಾನ ಮುಗಿದಿದೆ. ನಮ್ಮ ಆನ್‌ಲೈನ್ ವಿಶ್ವಕೋಶದಲ್ಲಿ ಯಾದಗಿರಿ ಜಿಲ್ಲೆಯ ರಸ್ತೆಗಳಿಗೆ ಹೇಗೆ ಹೆಸರಿಡಬೇಕು ಎಂಬ ನಿಯಮ ಹದಿನಾಲ್ಕು–ಐದು ಮತಗಳಿಂದ ಒಪ್ಪಿಗೆ ಪಡೆದಿದೆ. ವಿಶ್ವಕೋಶಕ್ಕೆ ಬರೆಯುವ ನಮ್ಮ ಬಳಗದ ಸಂಚಾಲಕಿ, ಸುರಪುರದ ಪ್ರೌಢಶಾಲಾ ಶಿಕ್ಷಕಿ ಫರ್ಹತ ಮೇಡಂ ಇದನ್ನು ಚರ್ಚಾಪುಟದಲ್ಲಿ ವರದಿ ಮಾಡಿದ್ದಾರೆ.

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಶಹಾಪುರದ ಈ ಸಭಾಂಗಣದಲ್ಲಿ ಸೆಕೆಗೆ ಅಂಜದೆ ಕುಳಿತಿರುವ ಸಭಿಕರೇ, ವಂದನೆಗಿಂತ ಮೊದಲು ಸುದ್ದಿ ಹೇಳಿದ್ದಕ್ಕೆ ಕ್ಷಮೆ ಇರಲಿ. ಮೂವತ್ತೊಂದು ವರ್ಷ ಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದವನಿಗೆ ಬೇರೆ ಕ್ರಮ ಬರುವುದಿಲ್ಲ.

ಹೆಸರಿಡಲು ಮತದಾನ ಏಕೆ ಬೇಕಾಯಿತು? ಹೊರಗಿನವರು ಕೇಳುತ್ತಾರೆ. ನಮ್ಮ ಕಡೆ ರಸ್ತೆಗೆ ಹೆಸರು ಇರುವುದಿಲ್ಲ, ದಿಕ್ಕು ಇರುತ್ತದೆ. ಮೊದಲ ಸಭೆಯಲ್ಲಿ ನಿವೃತ್ತ ಕಂಡಕ್ಟರ್ ಸಾಬಣ್ಣನವರು ಎದ್ದು ನಿಂತು ಹೇಳಿದ್ದು ನೆನಪಿದೆ: "ಸುರಪುರದಾಗ ನಿಂತ್ರ ಅದು ಶಹಾಪುರ ರೋಡ್ ರೀ. ಶಹಾಪುರದಾಗ ನಿಂತ್ರ ಸುರಪುರ ರೋಡ್. ರಸ್ತಿ ಒಂದೇ ಅದ, ನಿಂತ ಜಾಗ ಬ್ಯಾರೆ. ನಿಮ್ಮ ವಿಶ್ವಕೋಶ ಎಲ್ಲಿ ನಿಂತದ, ಅದನ್ನ ಮೊದಲ ಹೇಳ್ರಿ." ಉತ್ತರ ಹುಡುಕಲು ನಮಗೆ ಎಂಟು ತಿಂಗಳು ಬೇಕಾಯಿತು.

ಸಿಕ್ಕ ಉತ್ತರ ಇದು: ಲೋಕೋಪಯೋಗಿ ಇಲಾಖೆಯ ಸಂಖ್ಯೆ ಇದ್ದರೆ ಸಂಖ್ಯೆಯೇ ಲೇಖನದ ಶೀರ್ಷಿಕೆ. ಇಲ್ಲದಿದ್ದರೆ ಎರಡು ತುದಿಯ ಊರುಗಳು, ಅಕ್ಷರಮಾಲೆಯ ಕ್ರಮದಲ್ಲಿ. ಸುರಪುರದವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಅವರ ಕಷ್ಟ ನೋಡಿ: ಯಾದಗಿರಿ ಮುಂದೆ, ವಡಗೇರಾ ಮುಂದೆ, ಶಹಾಪುರವೂ ಮುಂದೆ. ಕೊನೆಗೆ ಫರ್ಹತ ಮೇಡಂ, "ಹುಣಸಗಿ ನಮ್ಮ ಹಿಂದ ಬರ್ತದಲ್ರಿ, ಅಷ್ಟಾದ್ರೂ ಉಳೀತು" ಎಂದು ನಗಿಸಿ ಜಗಳ ಮುಗಿಸಿದರು. ಜನ ಕರೆಯುವ ಹೆಸರಿಗೂ ಜಾಗ ಇದೆ, ಲೇಖನದ ಒಳಗೆ. ಆದರೆ ಅದಕ್ಕೆ ಅಚ್ಚಾದ ಆಧಾರ ಬೇಕು. ಬಾಯಿಮಾತು ಸಾಲದು. ಇದು ನಾಲ್ಕನೇ ನಿಯಮ. ಬರೆದವನು ನಾನು.

ಈಗ ಓದಿದ ಸನ್ಮಾನಪತ್ರದ ಮೂರನೇ ಸಾಲಿನಲ್ಲಿ, "ಆಧಾರವಿಲ್ಲದೆ ಒಂದಕ್ಷರವನ್ನೂ ಬರೆಯದವರು" ಎಂದಿದ್ದೀರಿ. ಬರೆದಿಲ್ಲ, ನಿಜ. ಆ ಸಾಲಿನ ಬಗ್ಗೆ ಎರಡು ಮಾತು ಆಡಬೇಕು.

ಶಹಾಪುರದಿಂದ ವನದುರ್ಗದ ಕಡೆ ಹೋಗುವಾಗ ಆರು ಕಿಲೋಮೀಟರಿನ ಒಂದು ಸಂಪರ್ಕ ರಸ್ತೆ ಇದೆ. ಅದರ ಲೇಖನದಲ್ಲಿ, "ಸ್ಥಳೀಯರು ಇದನ್ನು ಮೋನಮ್ಮನ ರಸ್ತೆ ಎನ್ನುತ್ತಾರೆ" ಎಂಬ ವಾಕ್ಯವಿದೆ. ಮೋನಮ್ಮ ರಸ್ತೆ ಗ್ಯಾಂಗಿನಲ್ಲಿ ಇಪ್ಪತ್ತೆರಡು ವರ್ಷ ಕಲ್ಲೊಡೆದು ಕಡಿ ಮಾಡಿದವಳು, ಬುಟ್ಟಿ ಹೊತ್ತವಳು. ಮಳೆಗಾಲದಲ್ಲಿ ಹಳ್ಳದ ನೀರು ರಸ್ತೆಯ ಮೇಲೆ ಹರಿಯುವಾಗ ಅವಳು ಮುಂದೆ ನಡೆಯಬೇಕು, ಬಸ್ಸು ಹಿಂದೆ ಬರಬೇಕು. ನೀರು ಅವಳ ಮೊಣಕಾಲು ಮುಟ್ಟಿದರೆ ಡ್ರೈವರ್ ಬಸ್ಸು ನಿಲ್ಲಿಸಬೇಕು. ಆ ರಸ್ತೆಯ ಅಳತೆಗೋಲು ಅದೊಂದೇ. ಕಂಡಕ್ಟರುಗಳು ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದರು: "ಮೋನಮ್ಮನ ರಸ್ತಿ ಮ್ಯಾಲೆ ಹೋಗಾವ್ರು ಯಾರ್ರೀ? ಹತ್ರಿ ಲಗೂನ!"

ಅವಳು ನನ್ನ ತಾಯಿ. ಲೇಖನದಲ್ಲಿ ಇದನ್ನು ಬರೆದಿಲ್ಲ. ಅಗತ್ಯವಿರಲಿಲ್ಲ ಎಂದುಕೊಂಡಿದ್ದೆ.

೧೯೯೪ರಲ್ಲಿ ಆ ರಸ್ತೆಗೆ ಡಾಂಬರು ಬಿತ್ತು. ನಾನು ಹೊಸ ವರದಿಗಾರ. ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ಸುದ್ದಿ ಅದೇ, ಮಾರ್ಚ್ ಹದಿನೇಳರ ಸಂಚಿಕೆ. ಅದರಲ್ಲಿ "ಜಿಲ್ಲಾ ಮುಖ್ಯ ರಸ್ತೆ" ಎಂದು ಬರೆದೆ. ಇಲಾಖೆಯ ಕಾಗದದಲ್ಲಿ ಹಾಗೇ ಇತ್ತು. ವರದಿಗಾರನು ಕಾಗದದಲ್ಲಿ ಇದ್ದದ್ದನ್ನೇ ಬರೆಯಬೇಕು. ಇದನ್ನೇ ನಾನು ಎಷ್ಟೋ ಹೊಸಬರಿಗೆ ಪಾಠ ಮಾಡಿದ್ದೇನೆ. ಆದರೆ ಕಾರಣ ಅದೊಂದೇ ಆಗಿತ್ತೇ? ಮೋನಮ್ಮನ ರಸ್ತೆ ಎಂದು ಬರೆದಿದ್ದರೆ, ಮೋನಮ್ಮ ಯಾರು ಎಂದು ಪತ್ರಿಕೆಯ ಕಲಬುರಗಿ ಕಚೇರಿಯಿಂದ ಫೋನ್ ಬರುತ್ತಿತ್ತು. ಬುಟ್ಟಿ ಹೊರುವ ನನ್ನ ಅವ್ವ ಎಂದು ಹೇಳಬೇಕಾಗುತ್ತಿತ್ತು. ಆಗ ನನ್ನ ಹತ್ತಿರ ಎರಡು ಇಸ್ತ್ರಿ ಅಂಗಿ ಇದ್ದವು. ಆ ಫೋನ್ ಬರುವುದು ನನಗೆ ಬೇಡವಾಗಿತ್ತು.

ಪತ್ರಿಕೆ ಮನೆಗೆ ಬಂದ ದಿನ ಅವ್ವ ಕೈಯ ಡಾಂಬರನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುತ್ತಾ ಕುಳಿತಿದ್ದಳು. "ಓದು ಭೀಮೇಶ್ಯಾ, ನಮ್ಮ ರಸ್ತಿ ಸುದ್ದಿ ಏನ್ ಬರ್ದೀಯ?" ಎಂದಳು. ಓದಿದೆ. "ಜಿಲ್ಲಾ ಮುಖ್ಯ ರಸ್ತೆ" ಎಂದು ಇದ್ದಲ್ಲಿ "ಮೋನಮ್ಮನ ರಸ್ತೆ" ಎಂದು ಓದಿದೆ.

"ನನ್ನ ಹೆಸರ ಬಂದಾದೇನು?"

"ಬಂದಾದವ್ವ."

"ಎಲ್ಲಿ? ತೋರ್ಸು."

ಅವಳ ಕೈಬೊಟ್ಟನ್ನು ಹಿಡಿದು ಒಂದು ಪದದ ಮೇಲೆ ಇಟ್ಟೆ.

ನನ್ನ ತಾಯಿಗೆ ಓದು ಬರುತ್ತಿರಲಿಲ್ಲ. ಬೊಟ್ಟು ಇಟ್ಟ ಜಾಗ ಮಾತ್ರ ಮರೆಯಲಿಲ್ಲ. ಆ ತುಣುಕನ್ನು ಟ್ರಂಕಿನಲ್ಲಿ ಇಟ್ಟುಕೊಂಡು, ಬಂದವರಿಗೆಲ್ಲ ಅದೇ ಜಾಗಕ್ಕೆ ಬೊಟ್ಟಿಟ್ಟು ತೋರಿಸುತ್ತಿದ್ದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ತುಣುಕು ನನ್ನ ಹತ್ತಿರ ಇದೆ. ಆ ಜಾಗದಲ್ಲಿ ಕಪ್ಪು ಕಲೆ ಇದೆ. ಅಕ್ಷರ ಇನ್ನೂ ಓದಲು ಬರುತ್ತದೆ.

ಕಳೆದ ತಿಂಗಳು ಈ ಹೆಸರಿಗೆ ಆಧಾರವೇನು ಎಂಬ ಪ್ರಶ್ನೆ ಬಂತು. ಸಾಬಣ್ಣನವರು, "ಪೇಪರಿನಾಗ ಬಂದಾದ್ರಿ, ಮೋನಮ್ಮಾಯಿ ನನಗ ಬಸ್ಸಿನಾಗ ತೋರ್ಸ್ಯಾಳ" ಎಂದರು. ಅವರು ಸುಳ್ಳು ಹೇಳುವವರಲ್ಲ. ಓಡುವ ಬಸ್ಸು, ಅಕ್ಷರದ ಮೇಲೆ ಅವಳ ಬೊಟ್ಟು. ಕಂಡಕ್ಟರ್ ಎಷ್ಟು ಓದಿಯಾನು? ಫರ್ಹತ ಮೇಡಂ ನನ್ನ ಕಡೆ ತಿರುಗಿ, "ಸರ್, ತಾರೀಖು ನಿಮಗ ಗೊತ್ತದೇನ್ರಿ?" ಎಂದು ಕೇಳಿದರು. ನಾನು ತಾರೀಖು ಹೇಳಿದೆ. ಅಷ್ಟೇ ಹೇಳಿದೆ. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಅವರು ಅದನ್ನು ಮೂರನೇ ಅಡಿಟಿಪ್ಪಣಿಯಾಗಿ ಸೇರಿಸಿದರು. ಭೀಮೇಶ ಸರ್ ಹೇಳಿದ ಮೇಲೆ ಪರಿಶೀಲನೆ ಏಕೆ ಎಂದು ಬಳಗದ ಯಾರೂ ಆ ಸಂಚಿಕೆಯನ್ನು ಹುಡುಕಿ ನೋಡಲಿಲ್ಲ.

ಸಭಿಕರೇ, ಆ ಸಂಚಿಕೆಯಲ್ಲಿ ನನ್ನ ತಾಯಿಯ ಹೆಸರು ಇಲ್ಲ. ಇರಬೇಕಿತ್ತು. ಅದನ್ನು ಬರೆಯುವ ಕೆಲಸ ಅಂದು ಒಬ್ಬನದೇ ಆಗಿತ್ತು, ಅವನು ಬರೆಯಲಿಲ್ಲ. ಇಂದು ಬೇರೆ ಪತ್ರಿಕೆಯಲ್ಲಿ ಬರೆದು ಆಧಾರ ಮಾಡಿಕೊಳ್ಳಿ ಎಂದು ನೀವು ಹೇಳಬಹುದು. ಮಗನೇ ಬರೆದು ಮಗನೇ ಉಲ್ಲೇಖಿಸುವುದು ನಡೆಯುವುದಿಲ್ಲ. ಆ ನಿಯಮವನ್ನೂ ಬರೆದವನು ನಾನೇ, ಯಾರನ್ನು ಬೈಯಲಿ?

ಫರ್ಹತ ಮೇಡಂ, ನಿಮ್ಮ ಕ್ಷಮೆ ಕೇಳುತ್ತೇನೆ. ಸಾಬಣ್ಣನವರೇ, ನೀವು ನೋಡಿದ್ದು ಅವಳ ಬೊಟ್ಟನ್ನು, ತಪ್ಪು ನಿಮ್ಮದಲ್ಲ. ಅಧ್ಯಕ್ಷರೇ, ಶಾಲನ್ನು ಇಟ್ಟುಕೊಳ್ಳುತ್ತೇನೆ, ಚೆನ್ನಾಗಿದೆ. ಸನ್ಮಾನಪತ್ರದ ಮೂರನೇ ಸಾಲನ್ನು ಮಾತ್ರ ತಿದ್ದಿ ಕೊಡಿ.

ಇಷ್ಟು ಹೊತ್ತು ಕೇಳಿದ ನಿಮಗೆ, ಎಂಟು ತಿಂಗಳು ಜಗಳವಾಡಿಯೂ ಜೊತೆಗೇ ಉಳಿದ ಬಳಗಕ್ಕೆ ನಾನು ಋಣಿ. ಎಲ್ಲರಿಗೂ ಕೈಮುಗಿದು ನಮಸ್ಕಾರ.

ನಾಳೆ, ಹದಿನೈದರ ಬೆಳಿಗ್ಗೆ ಹತ್ತಕ್ಕೆ ಮೂರನೇ ಅಡಿಟಿಪ್ಪಣಿಯನ್ನು ನಾನೇ ತೆಗೆಯುತ್ತೇನೆ. ಬೇರೆ ಆಧಾರ ಇದ್ದವರು ತರಲು ಹದಿನೈದು ದಿನ ಅವಕಾಶವಿದೆ. ಈ ತಿಂಗಳ ಇಪ್ಪತ್ತೊಂಬತ್ತರ ಸಂಜೆ ನಾಲ್ಕಕ್ಕೆ ಚರ್ಚೆ ಮುಗಿಯುತ್ತದೆ.