ಸೇವಂತಿಗೆ ಹೊಲದ ಮೇಲೆ ಅಗಸ್ತ್ಯ

‘ಕತ್ತಲೆಯ ಅಂಗೈಯಲ್ಲಿ ಮಾತ್ರ ನಕ್ಷತ್ರ ಕೂರುತ್ತದೆ’ ಎಂದೋ ಏನೋ ಒಂದು ಸಾಲು ದಾರಿಯುದ್ದಕ್ಕೂ ನನ್ನನ್ನು ಕಾಡಿತು. ಎಲ್ಲಿ ಓದಿದ್ದೆನೋ. ಅದರಲ್ಲಿ ‘ಮಾತ್ರ’ ಎಂದಿತ್ತೇ? ಇದ್ದರೆ, ಅದು ನಿಜವೇ?

ಅಧ್ಯಕ್ಷರಾದ ಕ್ಯಾನ್ ಅವರೇ, ವೇದಿಕೆಯ ಹಿರಿಯರೇ, ಹೊಲದಿಂದ ನೇರವಾಗಿ ಬಂದು ಕೂತಿರುವ ಒಕಿನಾವಾದ ನನ್ನ ಸಭಿಕರೇ,

ಅಂತರರಾಷ್ಟ್ರೀಯ ಖಗೋಳ ಛಾಯಾಚಿತ್ರ ಸ್ಪರ್ಧೆಯಲ್ಲಿ ಗೆದ್ದ ಚಿತ್ರಗಳನ್ನು ಗೋಡೆಯ ಮೇಲೆ ನೋಡಿದಿರಿ. ಮರುಭೂಮಿಯ ಮೇಲೆ ಆಕಾಶಗಂಗೆ, ಹಿಮದ ಮೇಲೆ ಹಸಿರು ಬೆಳಕು. ಎಲ್ಲೂ ಮನುಷ್ಯರ ಸುಳಿವಿಲ್ಲ. ನನ್ನ ಚಿತ್ರದಲ್ಲಿ ಮೇಲೆ ಅಗಸ್ತ್ಯ ನಕ್ಷತ್ರ, ಕೆಳಗೆ ದೀಪ ಹೊತ್ತ ನಮ್ಮ ಸೇವಂತಿಗೆ ಹೊಲಗಳು. ‘ಕೆಳಗಿರುವುದು ಯಾವ ನಗರ?’ ಎಂದು ತೀರ್ಪುಗಾರರು ಕೇಳಿ ಬರೆದರು. ‘ನಗರವಲ್ಲ, ಮೊಗ್ಗು ಬೇಗ ಬಿಡದಿರಲೆಂದು ಗಿಡಗಳಿಗೆ ರಾತ್ರಿಯಾದದ್ದು ತಿಳಿಯದಂತೆ ನೋಡಿಕೊಳ್ಳುತ್ತಿದ್ದೇವೆ’ ಎಂದು ಉತ್ತರಿಸಿದೆ.

ಆ ದೀಪಗಳ ಮೇಲೆ ನನಗೇನು ಪ್ರೀತಿಯಿತ್ತೇ? ಇಲ್ಲ. ಅವುಗಳನ್ನು ಶಪಿಸುತ್ತ ಎಷ್ಟು ಚಳಿಗಾಲ ಗುಡ್ಡ ಹತ್ತಿದೆನೋ! ಒಮ್ಮೆ ಪಕ್ಕದ ಹೊಲದ ತೋಮಾ ಅಜ್ಜಿಯನ್ನು, ಸ್ವಲ್ಪ ಹೊತ್ತು ಆರಿಸಿ ಎಂದು ಕೇಳಿಯೂಬಿಟ್ಟೆ.

“ಅಲ್ವೇ ಟೀಚರಮ್ಮ, ನಿನ್ ನಕ್ಷತ್ರ ನಾಳೆನೂ ಬರುತ್ತೆ. ನನ್ ಗಿಡ ಈಗ್ಲೇ ಮೊಗ್ಗು ಬಿಟ್ರೆ ಮಾರ್ಚಿನ ಹಿರಿಯರ ಪೂಜೇಲಿ ನಿಮ್ಮಮ್ಮನ ಸಮಾಧಿಗೆ ಏನಿಡ್ತೀಯ? ಫೋಟೋನಾ?”

ಅಮ್ಮ ತೀರಿಕೊಂಡ ವರ್ಷದಿಂದ ಅಲ್ಲಿಗೆ ಹೂವು ಬರುವುದು ಅವರ ಹೊಲದಿಂದಲೇ. ಆ ರಾತ್ರಿ ಮೊದಲ ಬಾರಿಗೆ ಕ್ಯಾಮೆರಾವನ್ನು ಕೆಳಗೆ ಬಾಗಿಸಿದೆ. ಗೆದ್ದದ್ದು ಆ ಚಿತ್ರ.

ಈಗ ಅಧ್ಯಕ್ಷರು ಹೇಳಿದ ವಿಷಯಕ್ಕೆ ಬರುತ್ತೇನೆ. ನನ್ನ ಗೌರವಾರ್ಥ ಇಂದಿನಿಂದ ಪ್ರತಿ ಅಮಾವಾಸ್ಯೆಯ ವಾರ ಹೊಲಗಳ ದೀಪ ಆರಿಸುವುದು, ನಕ್ಷತ್ರ ನೋಡಲು ಪ್ರವಾಸಿಗರನ್ನು ಕರೆಸುವುದು. ಚಪ್ಪಾಳೆಯೂ ಬಿತ್ತು. ಆದರೆ ಹಿಂದಿನ ಸಾಲುಗಳಲ್ಲಿ ಯಾರೂ ಕೈ ತಟ್ಟಲಿಲ್ಲ. ಬೆಳೆಗಾರರು ಕೂತಿರುವುದು ಅಲ್ಲಿಯೇ ಅಲ್ಲವೇ? ವಾರಗಟ್ಟಲೆ ಕತ್ತಲಾದರೆ ಆ ಗಿಡಗಳು ಮಾರ್ಚಿಗೆ ಕಾಯುತ್ತವೆಯೇ? ಅಧ್ಯಕ್ಷರೇ, ಸಿಟ್ಟಾಗಬೇಡಿ. ಈ ಗೌರವ ನನಗೆ ಬೇಡ. ಸಭೆ ಮುಗಿದೊಡನೆ ಎಲ್ಲರೂ ಎಂದಿನಂತೆ ದೀಪ ಹಾಕಲಿ.

ನನ್ನ ಮಾತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ತಲೆಬಾಗಿ ನಮಸ್ಕಾರ. ಇಷ್ಟನ್ನು ಹೇಳುವ ಧೈರ್ಯ ನನ್ನದಲ್ಲ. ಸಂಜೆ ಹೊರಡುವಾಗ ತೋಮಾ ಅಜ್ಜಿ ನಮ್ಮ ಬಾಗಿಲಿಗೆ ಬಂದಿದ್ದರು. ದೀಪ ಆರಿಸುವ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಜಗಳ ಮಾಡಲಿಲ್ಲ. ಇಷ್ಟೇ ಅಂದರು:

“ಆರಿಸು ಅಂದ್ರೆ ಆರಿಸ್ತೀನಿ ಟೀಚರಮ್ಮ. ಮಾರ್ಚಿನ ತನಕ ಕಾಯಿ ಅಂತ ಹೂವಿಗೆ ಮಾತ್ರ ನೀನೇ ಬಂದು ಹೇಳ್ಬೇಕು.”